ವಿವಾಲ್ಡಿಯ ‘ಬೇಸಿಗೆ’ಯನ್ನು ಕೇಳಿದವರು

ವೆನಿಸ್‌ನ ಸಂಗೀತ ರಚನಕಾರ ಆಂಟೋನಿಯೊ ವಿವಾಲ್ಡಿಯ ‘ನಾಲ್ಕು ಋತುಗಳು’ ಬಗ್ಗೆ ಸಂಗೀತಪ್ರಿಯರೊಡನೆ ಮಾತಿಗೆ ಕುಳಿತಾಗಲೆಲ್ಲ ಎರಡು ಬಗೆಯ ಅಭಿಪ್ರಾಯಗಳು ಕಿವಿಗೆ ಬೀಳುತ್ತವೆ. ಮೆಚ್ಚುವವರು ಅದು ಹಿತವಾಗಿದೆ, ಮನಸ್ಸನ್ನು ಹಗುರ ಮಾಡುತ್ತದೆ, ಕೆಲಸ ಮಾಡುವಾಗ ಹಾಕಿಕೊಳ್ಳಲು ಚೆನ್ನಾಗಿರುತ್ತದೆ ಎನ್ನುತ್ತಾರೆ. ಮೆಚ್ಚದವರು ಜಾಹೀರಾತಿನಲ್ಲಿ, ಹೋಟೆಲಿನ ಲಿಫ್ಟಿನಲ್ಲಿ, ಫೋನಿನಲ್ಲಿ ಕಾಯಿಸುವಾಗ ಕೇಳಿ ಕೇಳಿ ಸಾಕಾಗಿದೆ ಎನ್ನುತ್ತಾರೆ. ಈ ಎರಡೂ ಮಾತುಗಳು ಹುಟ್ಟುವುದು ಒಂದೇ ಜಾಗದಲ್ಲಿ, ‘ವಸಂತ’ ಎಂಬ ಮೊದಲ ಕನ್ಚೆರ್ಟೊದ (ಒಂದು ಮುಖ್ಯ ವಾದ್ಯಕ್ಕೂ ವೃಂದಕ್ಕೂ ಬರೆದ ಕೃತಿಯ) ಮೊದಲ ಅರ್ಧ ನಿಮಿಷದಲ್ಲಿ. ಅದನ್ನು ದಾಟಿ ಎರಡನೆಯ ಕನ್ಚೆರ್ಟೊ ಆದ ‘ಬೇಸಿಗೆ’ಯವರೆಗೆ ಬಂದು, ಅದನ್ನು ಪೂರ್ತಿಯಾಗಿ ಕೇಳಿದವರು ಇಂಥ ಮಾತು ಆಡುವುದನ್ನು ನಾನು ಹೆಚ್ಚಾಗಿ ಕೇಳಿಲ್ಲ. ಏಕೆಂದರೆ ‘ಬೇಸಿಗೆ’ ಹಿತವಾದ ಸಂಗೀತವಲ್ಲ. ಅದು ಹೆದರಿದ ಒಬ್ಬ ಕುರಿಗಾಹಿಯ ಸಂಗೀತ, ಮತ್ತು ಕೊನೆಗೆ ಅವನ ಹೆದರಿಕೆಯೇ ನಿಜವಾಗುವ ಸಂಗೀತ. ಮುನ್ನೂರು ವರ್ಷಗಳಲ್ಲಿ ಕೇಳುಗರು ಈ ಹೆದರಿಕೆಯನ್ನು ಕೆಲವು ಸಲ ಕೇಳಿಸಿಕೊಂಡಿದ್ದಾರೆ, ಬಹಳ ಸಲ ಕೇಳಿಸಿಕೊಳ್ಳದೆ ಬಿಟ್ಟಿದ್ದಾರೆ. ಅದು ಹೇಗಾಯಿತೆಂಬುದು ಈ ಬರಹದ ವಿಷಯ.

ಹಿನ್ನೆಲೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. 1725ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಪ್ರಕಾಶಕ ಮಿಶೆಲ್-ಷಾರ್ಲ್ ಲೆ ಸೆನ್ ವಿವಾಲ್ಡಿಯ ಹನ್ನೆರಡು ಕನ್ಚೆರ್ಟೊಗಳನ್ನು ಎಂಟನೆಯ ಕೃತಿಸಂಪುಟವಾಗಿ ಅಚ್ಚು ಹಾಕಿದ. ಅವುಗಳಲ್ಲಿ ಮೊದಲ ನಾಲ್ಕು ಈ ಋತುಗಳು. ಒಂದು ಮುಖ್ಯ ಪಿಟೀಲು, ಅದಕ್ಕೆ ಎದುರಾಗಿಯೂ ಜೊತೆಯಾಗಿಯೂ ನಿಲ್ಲುವ ತಂತಿವಾದ್ಯಗಳ ವೃಂದ, ತಳದಲ್ಲಿ ಹಾರ್ಪ್ಸಿಕಾರ್ಡ್ ಎಂಬ ಕೀಲಿಮಣೆ ವಾದ್ಯ, ಇಷ್ಟೇ ಪರಿಕರ. ಪ್ರತಿ ಋತುವಿಗೂ ಒಂದೊಂದು ಇಟಾಲಿಯನ್ ಸಾನೆಟ್, ಅಂದರೆ ಹದಿನಾಲ್ಕು ಸಾಲಿನ ಪದ್ಯ, ಇದೆ. ಬರೆದವರ ಹೆಸರು ಅದರಲ್ಲಿಲ್ಲ. ವಿವಾಲ್ಡಿಯೇ ಬರೆದಿರಬೇಕೆಂದು ಹಲವರು ಊಹಿಸುತ್ತಾರೆ. ಸಾನೆಟ್ಟಿನ ಸಾಲುಗಳಿಗೆ ಅಕ್ಷರಗಳನ್ನು ಕೊಟ್ಟು, ಅವೇ ಅಕ್ಷರಗಳನ್ನು ಸ್ವರಲಿಪಿಯ ಆಯಾ ಜಾಗದಲ್ಲಿ ಗುರುತಿಸಿರುವುದರಿಂದ ಯಾವ ಸ್ವರಗುಚ್ಛ ಯಾವ ಹಕ್ಕಿ, ಯಾವ ಗಾಳಿ, ಯಾರ ಅಳು ಎಂಬುದರಲ್ಲಿ ವಾದಕನಿಗೆ ಸಂದೇಹ ಉಳಿಯುವುದಿಲ್ಲ.

‘ಬೇಸಿಗೆ’ ದುಗುಡದ ಛಾಯೆಯ ಜಿ ಮೈನರ್ ಸ್ವರಶ್ರೇಣಿಯಲ್ಲಿದೆ. ಮೂರು ಭಾಗಗಳು ಸೇರಿ ಹತ್ತು ನಿಮಿಷದ ಆಸುಪಾಸು. ಮೊದಲ ಭಾಗ ಆರಂಭವಾಗುವ ರೀತಿ ಈಗಲೂ ಹೊಸ ಕೇಳುಗರನ್ನು ಗಲಿಬಿಲಿಗೊಳಿಸುತ್ತದೆ. ಎರಡೆರಡು ಸ್ವರಗಳು ನಿಟ್ಟುಸಿರಿನಂತೆ ಇಳಿಯುತ್ತವೆ, ನಿಲ್ಲುತ್ತವೆ, ಮತ್ತೆ ಇಳಿಯುತ್ತವೆ. ನಡುವೆ ಬರಿ ಮೌನ. ಉರಿಬಿಸಿಲಿನಲ್ಲಿ ಮನುಷ್ಯನೂ ಮಂದೆಯೂ ಸೊರಗಿವೆ, ಪೈನ್ ಮರ ಕಾದು ಸುಡುತ್ತಿದೆ ಎನ್ನುತ್ತದೆ ಸಾನೆಟ್. ಸಂಗೀತ ಇನ್ನೂ ಶುರುವಾಗಿಲ್ಲವೇನೋ ಎಂದುಕೊಳ್ಳುವಷ್ಟರಲ್ಲಿ ಪಿಟೀಲು ಒಮ್ಮೆಲೇ ಬಿರುಸಾಗಿ ಓಡತೊಡಗುತ್ತದೆ ಮತ್ತು ಆ ಓಟದ ಒಳಗೆ ಕೋಗಿಲೆಯ ಕೂಗು ಅಡಗಿರುತ್ತದೆ. ಮುಂದೆ ಕಾಡುಪಾರಿವಾಳ, ಅದರ ಹಿಂದೆಯೇ ಗೋಲ್ಡ್‌ಫಿಂಚ್ ಎಂಬ ಪುಟ್ಟ ಹಕ್ಕಿ. ತಂಗಾಳಿ ಮೆಲ್ಲಗೆ ಸುಳಿಯುತ್ತದೆ. ಅದನ್ನು ಅಟ್ಟಿಕೊಂಡು ಉತ್ತರದ ಬಿರುಗಾಳಿ ನುಗ್ಗುತ್ತದೆ.

ಆಮೇಲೆ ಬರುವುದೇ ನನ್ನ ಮಟ್ಟಿಗೆ ಇಡೀ ಕನ್ಚೆರ್ಟೊದ ಹೃದಯ. ವೃಂದ ಹಿಂದೆ ಸರಿಯುತ್ತದೆ. ಒಂಟಿ ಪಿಟೀಲು, ಕೆಳಗೆ ಮಂದ್ರದ ಆಧಾರ ಮಾತ್ರ. ಸ್ವರಗಳು ಅರ್ಧರ್ಧ ಅಂತರದಲ್ಲಿ ಜಾರುತ್ತ, ಎಲ್ಲಿಯೂ ಕಾಲೂರಲಾಗದೆ ಅಲೆಯುತ್ತವೆ. ಆ ಜಾಗದಲ್ಲಿ ಬರೆದಿರುವುದು ‘ಹಳ್ಳಿಹುಡುಗನ ಅಳು’ ಎಂದು. ಗಮನಿಸಬೇಕಾದದ್ದು ಏನೆಂದರೆ ಇನ್ನೂ ಮಳೆ ಬಂದಿಲ್ಲ, ಸಿಡಿಲು ಬಡಿದಿಲ್ಲ, ಯಾವ ಹಾನಿಯೂ ಆಗಿಲ್ಲ. ತಲೆಯ ಮೇಲೆ ತೂಗುತ್ತಿರುವ ಬಿರುಗಾಳಿಯನ್ನೂ ತನ್ನ ಹಣೆಬರಹವನ್ನೂ ನೆನೆದು ಆ ಕುರಿಗಾಹಿ ಅಳುತ್ತಿದ್ದಾನೆ. ಆಗಿಹೋದ ದುಃಖಕ್ಕೆ ಸಂಗೀತ ಕಟ್ಟಿದವರು ಬಹಳ ಮಂದಿ. ಆಗಲಿರುವುದರ ಭಯಕ್ಕೆ, ಅದೂ ಹೆಸರಿಲ್ಲದ ಒಬ್ಬ ಬಡವನ ಭಯಕ್ಕೆ, ಇಷ್ಟು ಜಾಗ ಕೊಟ್ಟವರು ಆ ಕಾಲದಲ್ಲಿ ವಿರಳ.

ಎರಡನೆಯ ಭಾಗದಲ್ಲಿ ಅವನು ಮಲಗಲು ನೋಡುತ್ತಾನೆ. ಪಿಟೀಲು ನಿಧಾನವಾಗಿ, ದಣಿದ ದನಿಯಲ್ಲಿ ಹಾಡುತ್ತದೆ. ಕೆಳಗೆ ಉಳಿದ ಪಿಟೀಲುಗಳು ನೊಣಗಳಂತೆ ಬಿಡದೆ ಕುಟುಕುತ್ತವೆ. ನಡುನಡುವೆ ವೃಂದವೆಲ್ಲ ಒಟ್ಟಾಗಿ ಗುಡುಗಿ ತಟ್ಟನೆ ಅಡಗುತ್ತದೆ. ಮೂರನೆಯ ಭಾಗ ಬಿರುಗಾಳಿಯೇ. ಒಂದೇ ಸ್ವರವನ್ನು ಕಮಾನಿನಿಂದ ಅತಿವೇಗವಾಗಿ ಮತ್ತೆ ಮತ್ತೆ ಹೊಡೆಯುವ ಉಪಾಯವನ್ನು ವಿವಾಲ್ಡಿ ಇಲ್ಲಿ ಧಾರಾಳವಾಗಿ ಬಳಸಿದ್ದಾನೆ. ವೆನಿಸ್‌ನವರ ಕಿವಿಗೆ ಅದು ಹೊಸದಾಗಿರಲಿಲ್ಲ. ಕೋಪವನ್ನೂ ಕದನವನ್ನೂ ಸೂಚಿಸಲು ಹಿಂದಿನ ಶತಮಾನದ ರಚನಕಾರ ಮಾಂಟೆವೆರ್ಡಿ ಅದನ್ನು ರೂಢಿಸಿ, ತನ್ನ 1638ರ ಸಂಪುಟದಲ್ಲಿ ಅದರ ಬಗ್ಗೆ ಬರೆದೂ ಇದ್ದ. ಅಯ್ಯೋ, ಅವನ ಭಯ ನಿಜವೇ ಆಯಿತು ಎಂದು ಕುರಿಗಾಹಿಯ ಬಗ್ಗೆ ಸಾನೆಟ್ ಹೇಳುತ್ತದೆ. ಆಕಾಶ ಗುಡುಗುತ್ತದೆ, ಆಲಿಕಲ್ಲು ತೆನೆಗಳ ತಲೆಯನ್ನು ಕತ್ತರಿಸುತ್ತದೆ. ಸಂಗೀತ ಜಿ ಮೈನರಿನಲ್ಲಿಯೇ ಮುಗಿಯುತ್ತದೆ. ಮೋಡ ಸರಿದು ಬಿಸಿಲು ಬರುವ ಒಂದು ಸಾಲೂ ಇಲ್ಲ.

ಈ ಕೃತಿಯ ಮೊದಲ ಕೇಳುಗರಲ್ಲಿ ನಮಗೆ ಹೆಸರು ಗೊತ್ತಿರುವವನು ಬೊಹೀಮಿಯಾದ ಕೌಂಟ್ ಮೊರ್ಜಿನ್. 1725ರ ಸಂಪುಟವನ್ನು ವಿವಾಲ್ಡಿ ಅವನಿಗೇ ಅರ್ಪಿಸಿದ್ದಾನೆ. ಆ ಅರ್ಪಣೆಯ ಮಾತು ನನಗೆ ಬಹಳ ಪ್ರಿಯವಾದದ್ದು. ತಾವು ಬಹುಕಾಲದಿಂದ ಔದಾರ್ಯದಿಂದ ಕೇಳುತ್ತ ಬಂದ ಈ ಋತುಗಳನ್ನು ಇಲ್ಲಿ ಮತ್ತೆ ಕಂಡು ಅಚ್ಚರಿಪಡಬಾರದು, ಸಂಗೀತ ಅದೇ ಆದರೂ ಈಗ ಸಾನೆಟ್ಟುಗಳೂ ಸ್ಪಷ್ಟ ವಿವರಣೆಗಳೂ ಸೇರಿರುವುದರಿಂದ ಅವು ಹೊಸದಾಗಿಯೇ ತೋರುವುವು ಎಂಬುದು ಅದರ ಸಾರ. ಅಂದರೆ ಮೊರ್ಜಿನ್ ಈ ಕನ್ಚೆರ್ಟೊಗಳನ್ನು ಮೊದಲು ಕೇಳಿದ್ದು ಈ ಅಚ್ಚಾದ ಸಾಲುಗಳ ನೆರವಿಲ್ಲದೆ. ಅದೇ ಸ್ವರಗಳು, ಅದೇ ಕೇಳುಗ. ಪದ್ಯ ಕೈಗೆ ಬಂದಾಗ ಕೇಳುವುದು ಬೇರೆಯಾಗುತ್ತದೆಂದು ಬರೆದವನೇ ನಂಬಿದ್ದ. ಸಂಗೀತಕ್ಕೆ ವಿವರಣೆ ಬೇಡ, ಅದು ತಾನೇ ಮಾತಾಡಬೇಕು ಎಂದು ಹೇಳುವ ಗೆಳೆಯರೊಡನೆ ವಾದಕ್ಕೆ ಬಿದ್ದಾಗ ನಾನು ಈ ಅರ್ಪಣೆಯನ್ನು ನೆನಪಿಸುತ್ತೇನೆ. ‘ಬೇಸಿಗೆ’ಯ ಮಟ್ಟಿಗಂತೂ ಪದ್ಯವನ್ನು ಓದದೆ ಕೇಳುವವರು ಒಂದು ಗಾಳಿಯನ್ನು ಕೇಳುತ್ತಾರೆ, ಓದಿ ಕೇಳುವವರು ಆ ಗಾಳಿಗೆ ಸಿಕ್ಕ ಮನುಷ್ಯನನ್ನು ಕೇಳುತ್ತಾರೆ.

ಹದಿನೆಂಟನೆಯ ಶತಮಾನದ ಕೇಳುಗರಲ್ಲಿ ವಿವಾಲ್ಡಿಯ ಬಗ್ಗೆ ಬೆರಗೂ ಇತ್ತು, ಅನುಮಾನವೂ ಇತ್ತು. 1715ರಲ್ಲಿ ವೆನಿಸ್‌ನ ನಾಟಕಶಾಲೆಯೊಂದರಲ್ಲಿ ಅವನು ನುಡಿಸಿದ್ದನ್ನು ಕೇಳಿದ ಉಫೆನ್‌ಬಾಖ್ ಎಂಬ ಜರ್ಮನ್ ಪ್ರವಾಸಿ, ಬೆರಳುಗಳು ಪಿಟೀಲಿನ ಕುದುರೆಗೆ, ಅಂದರೆ ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡಿಗೆ, ಹುಲ್ಲುಕಡ್ಡಿಯಷ್ಟು ಹತ್ತಿರ ಹೋಗಿ ಕಮಾನಿಗೆ ಜಾಗವೇ ಉಳಿಯದಂತಾಯಿತೆಂದೂ, ಅದನ್ನು ಕೇಳಿ ತನಗೆ ದಿಗಿಲಾಯಿತೆಂದೂ ಬರೆದಿಟ್ಟಿದ್ದಾನೆ. ಕೌಶಲ ಅಚ್ಚರಿ ಹುಟ್ಟಿಸಿತು, ಆದರೆ ಕಿವಿಗೆ ಅಷ್ಟು ಇಂಪಾಗಿರಲಿಲ್ಲ ಎಂಬುದು ಅವನ ಅಭಿಪ್ರಾಯ. ನನಗೆ ಇದು ಆ ಕಾಲದ ಅತ್ಯಂತ ಪ್ರಾಮಾಣಿಕ ಪ್ರತಿಕ್ರಿಯೆಯೆಂದು ತೋರುತ್ತದೆ. ವಿವಾಲ್ಡಿಯಲ್ಲಿ ಇಂಪಿನ ಆಚೆಗೆ ಹೋಗುವ ಏನೋ ಒಂದು ಇದೆಯೆಂದು ಅವನಿಗೆ ಅಂದೇ ಕೇಳಿಸಿತ್ತು.

ಪ್ಯಾರಿಸಿನವರು ಇಂಪನ್ನೇ ಆರಿಸಿಕೊಂಡರು. ಅಲ್ಲಿನ ಕಾನ್ಸೆರ್ ಸ್ಪಿರಿಟ್ಯುಯೆಲ್ ಕಚೇರಿಗಳಲ್ಲಿ 1728ರಿಂದ ಋತುಗಳು ಕೇಳಿಬಂದವು. 1730ರ ನವೆಂಬರಿನಲ್ಲಿ ಹದಿನೈದನೆಯ ಲೂಯಿ ದೊರೆ ಇದ್ದಕ್ಕಿದ್ದಂತೆ ‘ವಸಂತ’ವನ್ನು ನುಡಿಸಲು ಅಪ್ಪಣೆ ಮಾಡಿದಾಗ, ವೃಂದ ತುಂಬಲು ಆಸ್ಥಾನದ ಶ್ರೀಮಂತರೇ ವಾದ್ಯ ಹಿಡಿದು ಕೂರಬೇಕಾಯಿತು. 1765ರಲ್ಲಿ ಮಿಶೆಲ್ ಕೊರೆಟ್ ಅದೇ ‘ವಸಂತ’ಕ್ಕೆ ದೇವರ ಸ್ತುತಿಯ ಲ್ಯಾಟಿನ್ ಸಾಹಿತ್ಯವನ್ನು ಹೊಂದಿಸಿದ. 1775ರಲ್ಲಿ ಜೀನ್-ಜಾಕ್ ರೂಸೋ ಅದನ್ನು ಒಂಟಿ ಕೊಳಲಿಗೆ ಇಳಿಸಿದ. ಎಲ್ಲರೂ ಹೋಗಿದ್ದು ‘ವಸಂತ’ದ ಹತ್ತಿರವೇ. ಹಕ್ಕಿ, ತೊರೆ, ಹೂವಿನ ಹುಲ್ಲುಗಾವಲು, ಕುರಿಗಾಹಿಗಳ ಕುಣಿತ ಇವು ಅರಮನೆಗೆ ಒಪ್ಪುವ ಹಳ್ಳಿ. ಅಳುವ ಕುರಿಗಾಹಿಯನ್ನು ದೊರೆಯ ಮುಂದೆ ತರುವುದು ಯಾರಿಗೂ ಬೇಕೆನಿಸಲಿಲ್ಲ ಎಂದು ನಾನು ಊಹಿಸುತ್ತೇನೆ.

ಅತ್ತ ಇಂಗ್ಲೆಂಡಿನಲ್ಲಿ ಸಂಗೀತಗಾರರೇ ಮುಖ ಸಿಂಡರಿಸಿದರು. ಪಿಟೀಲುವಾದನದ ಬಗ್ಗೆ 1751ರಲ್ಲಿ ಗ್ರಂಥ ಬರೆದ ಜೆಮಿನಿಯಾನಿ, ಕೋಗಿಲೆ ಗೂಬೆಗಳ ದನಿಯನ್ನು ಪಿಟೀಲಿನಲ್ಲಿ ಅನುಕರಿಸುವುದು ಸಂಗೀತಕ್ಕಿಂತ ಕಣ್ಕಟ್ಟಿನವರ ವಿದ್ಯೆಗೆ ಸೇರಿದ್ದೆಂದ. ಮರುವರ್ಷ ಚಾರ್ಲ್ಸ್ ಏವಿಸನ್ ಎಂಬ ನ್ಯೂಕಾಸಲ್‌ನ ಆರ್ಗನ್ ವಾದಕ ವಿವಾಲ್ಡಿಯನ್ನು ಹೆಸರಿಸಿಯೇ ಕೆಳದರ್ಜೆಯ ರಚನಕಾರರ ಸಾಲಿಗೆ ಸೇರಿಸಿದ. ಅವರ ಆಕ್ಷೇಪ ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ಕೋಗಿಲೆಯನ್ನು ಕೋಗಿಲೆಯಂತೆ ಕೂಗಿಸುವುದರಲ್ಲಿ ಮಾತ್ರ ಒಂದು ಕೃತಿಯ ಹಿರಿಮೆ ಇದ್ದರೆ ಅದು ಎರಡು ಸಲ ಕೇಳುವುದರೊಳಗೆ ತೀರಿಹೋಗುತ್ತದೆ. ಆದರೆ ‘ಬೇಸಿಗೆ’ಯಲ್ಲಿ ಕೋಗಿಲೆ ಹಾಡುತ್ತಿರುವುದು ಒಬ್ಬ ಭಯಗೊಂಡವನ ಕಿವಿಗೆ. ಆ ಕೂಗಿನ ಸುತ್ತ ಸ್ವರಗಳು ಓಡುವ ವೇಗ ಹಕ್ಕಿಯದಲ್ಲ, ಕೇಳುವವನ ಎದೆಬಡಿತದ್ದು. ಏವಿಸನ್‌ಗೆ ಈ ಭೇದ ಕೇಳಿಸಲಿಲ್ಲ ಎಂಬುದು ನನ್ನ ನಿಲುವು.

1741ರ ಜುಲೈನಲ್ಲಿ ವಿವಾಲ್ಡಿ ವಿಯೆನ್ನಾದಲ್ಲಿ ಬಡತನದಲ್ಲಿ ತೀರಿಕೊಂಡ. ಮುಂದಿನ ಶತಮಾನದಲ್ಲಿ ಅವನನ್ನು ನೆನೆದವರು ಮುಖ್ಯವಾಗಿ ಜರ್ಮನ್ ರಚನಕಾರ ಬಾಖ್‌ನ ಅಭ್ಯಾಸಿಗಳು, ಅದೂ ಬಾಖ್ ಅವನ ಕೆಲವು ಕನ್ಚೆರ್ಟೊಗಳನ್ನು ಕೀಲಿಮಣೆಗೆ ಅಳವಡಿಸಿಕೊಂಡಿದ್ದ ಎಂಬ ಕಾರಣಕ್ಕೆ. 1926ರಿಂದ ಮುಂದಿನ ಕೆಲವು ವರ್ಷಗಳಲ್ಲಿ ಅವನ ಹಸ್ತಪ್ರತಿಗಳ ದೊಡ್ಡ ರಾಶಿ ಟ್ಯೂರಿನ್ನಿನ ರಾಷ್ಟ್ರೀಯ ಗ್ರಂಥಾಲಯವನ್ನು ಸೇರಿತು. 1939ರಲ್ಲಿ ಸಿಯೆನಾದಲ್ಲಿ ಒಂದು ವಾರ ಪೂರ್ತಿ ಅವನ ಸಂಗೀತದ ಉತ್ಸವ ನಡೆಯಿತು. ಆದರೂ ಋತುಗಳು ಮನೆಮನೆಗೆ ಬಂದದ್ದು ಧ್ವನಿಮುದ್ರಿಕೆಯಿಂದ. ಲೂಯಿ ಕೌಫ್‌ಮನ್ ನ್ಯೂಯಾರ್ಕಿನ ಕಾರ್ನೆಗೀ ಹಾಲಿನಲ್ಲಿ 1947ರ ಡಿಸೆಂಬರಿನಲ್ಲಿ ಇವನ್ನು ಮುದ್ರಿಸಿದ. ಮರುವರ್ಷವೇ ಹೆಚ್ಚು ಹೊತ್ತು ನುಡಿಯುವ ಎಲ್‌ಪಿ ತಟ್ಟೆ ಮಾರುಕಟ್ಟೆಗೆ ಬಂತು. ಹಳೆಯ 78 ವೇಗದ ತಟ್ಟೆಯಲ್ಲಿ ನಾಲ್ಕೈದು ನಿಮಿಷಕ್ಕೊಮ್ಮೆ ಮಗ್ಗುಲು ಬದಲಿಸಬೇಕಿತ್ತು. ಎಲ್‌ಪಿಯ ಒಂದು ಮಗ್ಗುಲಲ್ಲಿ ‘ವಸಂತ’ ಮತ್ತು ‘ಬೇಸಿಗೆ’, ಇನ್ನೊಂದರಲ್ಲಿ ಉಳಿದೆರಡು, ಅಳತೆ ಕೊಟ್ಟು ಮಾಡಿಸಿದಂತೆ ಕೂತವು. ಈ ಅನುಕೂಲ ‘ಬೇಸಿಗೆ’ಗೆ ದೊಡ್ಡ ಉಪಕಾರ ಮಾಡಿತು. ‘ವಸಂತ’ಕ್ಕೆಂದು ಸೂಜಿ ಇಟ್ಟವರು ಎದ್ದು ಬಂದು ನಿಲ್ಲಿಸದಿದ್ದರೆ ಬಿರುಗಾಳಿಯವರೆಗೂ ಕೇಳಲೇಬೇಕಾಯಿತು.

ಕೇಳುಗರ ಪ್ರತಿಕ್ರಿಯೆ ವಾದಕರ ಕೈಯಲ್ಲಿಯೂ ಇರುತ್ತದೆ. ರೋಮಿನ ಇ ಮುಸಿಚಿ ತಂಡ ಫೆಲಿಕ್ಸ್ ಆಯೊ ಅವರ ಮುಂದಾಳುತನದಲ್ಲಿ 1955ರಲ್ಲಿಯೂ ಮತ್ತೆ 1959ರಲ್ಲಿಯೂ ಮಾಡಿದ ಮುದ್ರಣಗಳು ಒಂದು ಇಡೀ ಪೀಳಿಗೆಗೆ ವಿವಾಲ್ಡಿ ಎಂದರೆ ಹೇಗೆಂದು ಕಲಿಸಿದವು. ದುಂಡಗಿನ, ಬೆಚ್ಚಗಿನ ನಾದ. ಬಿರುಗಾಳಿಯಲ್ಲಿಯೂ ಯಾರೂ ಒದ್ದೆಯಾಗುವುದಿಲ್ಲ. ಅವು ಸುಂದರವಾಗಿವೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ‘ಹಿತವಾಗಿದೆ’ ಎಂಬ ಅಭಿಪ್ರಾಯಕ್ಕೆ ಅವುಗಳ ಪಾಲೂ ಇದೆ. 1977ರಲ್ಲಿ ನಿಕೊಲಾಸ್ ಹಾರ್ನನ್‌ಕೂರ್ಟ್ ಅವರ ವಿಯೆನ್ನಾ ತಂಡ, ಆಲಿಸ್ ಹಾರ್ನನ್‌ಕೂರ್ಟ್ ಅವರ ಪಿಟೀಲಿನೊಂದಿಗೆ, ಹಳೆಯ ಬಗೆಯ ವಾದ್ಯಗಳಲ್ಲಿ ಇದನ್ನು ನುಡಿಸಿದಾಗ ಹಲವರ ಕಿವಿ ಗೀಚಿದಂತಾಯಿತು. ಕರುಳಿನ ತಂತಿ, ಒರಟು ಕಮಾನು, ನಡುವೆ ಧೈರ್ಯವಾಗಿ ಬಿಟ್ಟ ಮೌನಗಳು. ಮುಂದೆ ಫಾಬಿಯೊ ಬಿಯೊಂಡಿಯವರಂಥ ಇಟಲಿಯವರೇ ಅದೇ ದಾರಿಯಲ್ಲಿ ಇನ್ನೂ ದೂರ ಹೋದರು. 1989ರ ನೈಜೆಲ್ ಕೆನಡಿಯವರ ಮುದ್ರಣ ಇಪ್ಪತ್ತು ಲಕ್ಷಕ್ಕೂ ಮಿಕ್ಕಿ ಮಾರಾಟವಾಗಿ, ಶಾಸ್ತ್ರೀಯ ಸಂಗೀತವನ್ನು ಎಂದೂ ಕೊಳ್ಳದವರ ಮನೆಗಳನ್ನು ಹೊಕ್ಕಿತು. ಇವುಗಳಲ್ಲಿ ಯಾವುದು ಮೇಲು ಎಂಬ ಜಗಳ ಮುಗಿಯುವಂಥದ್ದಲ್ಲ. ನಾನು ‘ಬೇಸಿಗೆ’ಗೆ ಒರಟು ಮುದ್ರಣಗಳನ್ನೇ ಆರಿಸುತ್ತೇನೆ. ತಲೆ ಕತ್ತರಿಸಿದ ತೆನೆಯನ್ನು ನಯವಾದ ನಾದದಲ್ಲಿ ಕೇಳುವುದು ನನ್ನಿಂದ ಆಗುವುದಿಲ್ಲ.

ನಮ್ಮ ಕಡೆಯ ಕೇಳುಗರ ಬಗ್ಗೆ ಒಂದು ಮಾತು ಹೇಳಬೇಕು. ಕನ್ನಡಿಗರಿಗೆ ಬೇಸಿಗೆಯ ಮಳೆ ಸಾಮಾನ್ಯವಾಗಿ ಸಂತೋಷದ ಸುದ್ದಿ. ಭರಣಿ ಮಳೆಯಾದರೆ ಧರಣಿಯೆಲ್ಲ ಬೆಳೆ ಎಂಬ ಮಾತು ಕೇಳಿ ಬೆಳೆದವರು ನಾವು. ಏಪ್ರಿಲ್ ಮೇ ತಿಂಗಳಲ್ಲಿ ಗುಡುಗಿದಾಗ ಒಣಭೂಮಿಯ ಹೊಲಗಳು ಹೆಚ್ಚಾಗಿ ಖಾಲಿಯಿರುತ್ತವೆ, ಬಿತ್ತನೆಗೆ ನೆಲ ಹದವಾಗುತ್ತದೆ. ಉತ್ತರ ಇಟಲಿಯಲ್ಲಿ ಬಿರುಬೇಸಿಗೆಯ ಆಲಿಕಲ್ಲು ಬೀಳುವ ಹೊತ್ತಿಗೆ ಗೋಧಿ ತೆನೆ ತುಂಬಿ ಕೊಯ್ಲಿಗೆ ನಿಂತಿರುತ್ತದೆ. ಹೀಗಾಗಿ ಪದ್ಯವನ್ನು ಓದದ ನಮ್ಮವರು ಮೂರನೆಯ ಭಾಗವನ್ನು ಕೇಳಿ, ಕೊನೆಗೂ ಮಳೆ ಬಂತು ಎಂಬ ಉಲ್ಲಾಸವನ್ನು ಅದರಲ್ಲಿ ಕಾಣುವುದು ಸಹಜ, ಮತ್ತು ಆ ಉಲ್ಲಾಸಕ್ಕೂ ಸಂಗೀತದ ವೇಗದಲ್ಲಿ ಆಸ್ಪದವಿದೆ. ಆದರೆ ನಮ್ಮಲ್ಲಿಯೂ ಎಲ್ಲರಿಗೂ ಆ ಮಳೆ ಒಂದೇ ಅಲ್ಲ. ವಿಜಯಪುರದ ಕಡೆ ದ್ರಾಕ್ಷಿ ಬೆಳೆಯುವ ನನ್ನ ಸೋದರಮಾವನಿಗೆ ಒಮ್ಮೆ ಸಾನೆಟ್ಟಿನ ಅರ್ಥ ಹೇಳಿ ಇಡೀ ಕನ್ಚೆರ್ಟೊ ಕೇಳಿಸಿದೆ. ಹಣ್ಣು ಬಳ್ಳಿಯಲ್ಲಿರುವಾಗಲೋ ಒಣದ್ರಾಕ್ಷಿ ಶೆಡ್ಡಿನಲ್ಲಿರುವಾಗಲೋ ಆಲಿಕಲ್ಲು ಬಿದ್ದರೆ ವರ್ಷದ ದುಡಿಮೆ ಹೋಯಿತೆಂದೇ ಲೆಕ್ಕ. ಮಾವ ಕೊನೆಯ ಬಿರುಗಾಳಿಯ ಬಗ್ಗೆ ಹೆಚ್ಚೇನೂ ಹೇಳಲಿಲ್ಲ. ಮೊದಲ ಭಾಗದ ಆ ನಿಂತು ನಿಂತು ಬರುವ ಸ್ವರಗಳನ್ನು ಮತ್ತೊಮ್ಮೆ ಹಾಕಲು ಹೇಳಿದರು. “ಗಾಳಿ ಒಮ್ಮೆಲೆ ನಿಂತು ಹೋತು ಅಂದ್ರ ನಮಗ ಎದಿ ಢವಢವ ಅಂತೈತಿ. ಮಳಿ ಬಂದ ಮ್ಯಾಲ ಏನೈತಿ, ಹೋಗೂದು ಹೋಗೇ ಬಿಡ್ತೈತಿ” ಎಂದರು. ಪಾಶ್ಚಾತ್ಯ ಸಂಗೀತವನ್ನು ಎಂದೂ ಕೇಳಿರದ ಅವರು ಬೆರಳಿಟ್ಟದ್ದು ವಿವಾಲ್ಡಿ ಬೆರಳಿಟ್ಟ ಜಾಗದಲ್ಲಿಯೇ. ಭಯವಿರುವುದು ಬಿರುಗಾಳಿಗೆ ಮುಂಚಿನ ಹೊತ್ತಿನಲ್ಲಿ.

ಕರ್ನಾಟಕ ಸಂಗೀತದಲ್ಲಿ ಪಳಗಿದ ಕಿವಿಗಳು ಇನ್ನೊಂದು ಬಗೆಯಲ್ಲಿ ಕೇಳುತ್ತವೆ. ಪಿಟೀಲು ಕಲಿಸುವ ಗೆಳತಿಯೊಬ್ಬರು ಇದನ್ನು ಕೇಳತೊಡಗಿದೊಡನೆ ಕೀರವಾಣಿಯ ಛಾಯೆ ಹಿಡಿದರು, ಇಳಿಯುವಾಗ ಕೆಲವೆಡೆ ನಠಭೈರವಿಯಾಗುವುದನ್ನೂ ಗುರುತಿಸಿದರು. ಮೈನರ್ ಶ್ರೇಣಿಗೆ ಈ ಎರಡು ಮೇಳಗಳ ಸಾಮ್ಯ ಇರುವುದರಿಂದ ಅದು ಆಕಸ್ಮಿಕವಲ್ಲ. ಆದರೆ ಕುರಿಗಾಹಿಯ ಅಳು ಬಂದಾಗ ಅವರು ತಡೆದು, ಇಲ್ಲಿ ರಾಗ ಕೆಡುತ್ತದೆ, ಯಾವ ರಾಗದಲ್ಲಿಯೂ ಹೀಗೆ ಅಕ್ಕಪಕ್ಕದ ಸ್ವರಗಳೆಲ್ಲ ಸಾಲಾಗಿ ಬರಲಾರವು ಎಂದರು. ಅವರಿಗೆ ಅದು ದೋಷವಾಗಿ ಕೇಳಿಸಿತು. ನಾನು ಆ ಕ್ಷಣದಲ್ಲಿ ವಾದ ಮಾಡಲಿಲ್ಲವಾದರೂ ಅವರ ಮಾತು ನನಗೆ ಬೇರೆಯದನ್ನೇ ತೆರೆದು ತೋರಿಸಿತು. ಅಷ್ಟು ಹೊತ್ತೂ ನೆಲೆಯ ಹಿಡಿತದಲ್ಲಿದ್ದ ಸಂಗೀತ ಆ ಹುಡುಗ ಅಳುವಲ್ಲಿ ಮಾತ್ರ ಹಿಡಿತ ತಪ್ಪುತ್ತದೆ. ಪಾಶ್ಚಾತ್ಯ ಕಿವಿಗೆ ಅದು ಆ ಕಾಲದ ಶೋಕದ ರೂಢಿಯ ಭಾಷೆ. ರಾಗದ ಕಟ್ಟಿನಲ್ಲಿ ಬೆಳೆದ ಕಿವಿಗೆ ಅದು ನಿಜವಾದ ಒಡಕು. ಎರಡನೆಯದೇ ಹೆಚ್ಚು ತೀವ್ರವಾದ ಕೇಳ್ಮೆ ಎಂದು ನನಗನ್ನಿಸುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಈ ಮೂರನೆಯ ಭಾಗಕ್ಕೆ ಹೊಸ ಕೇಳುಗರು ಬಂದಿದ್ದಾರೆ. 2019ರ ಒಂದು ಫ್ರೆಂಚ್ ಚಲನಚಿತ್ರದ ಕೊನೆಯ ದೃಶ್ಯದಲ್ಲಿ, ಸಂಗೀತ ಕಚೇರಿಗೆ ಬಂದ ಒಬ್ಬ ಹೆಣ್ಣುಮಗಳು ‘ಬೇಸಿಗೆ’ಯ ಬಿರುಗಾಳಿಯನ್ನು ಕೇಳುತ್ತ ಅಳುತ್ತಾಳೆ, ನಡುವೆ ನಗುತ್ತಾಳೆ, ಕ್ಯಾಮೆರಾ ಅವಳ ಮುಖವನ್ನು ಬಿಟ್ಟು ಕದಲುವುದಿಲ್ಲ. ಆ ಚಿತ್ರದ ಮೂಲಕ ಈ ಸಂಗೀತಕ್ಕೆ ಬಂದವರಿಗೆ ಅದು ಕಳೆದುಹೋದ ಪ್ರೀತಿಯ ಸಂಗೀತ. ಕುರಿಗಾಹಿ ಅಲ್ಲಿಲ್ಲ, ಆಲಿಕಲ್ಲೂ ಇಲ್ಲ. ನನಗೆ ಇದರಲ್ಲಿ ಆಕ್ಷೇಪವಿಲ್ಲ. ತಡೆಯಲಾರದ್ದು ಬಂದೇ ಬಿಟ್ಟಾಗ ಮನುಷ್ಯ ಏನಾಗುತ್ತಾನೆ ಎಂಬ ಪ್ರಶ್ನೆ ಎರಡರಲ್ಲೂ ಒಂದೇ.

ನನಗಿರುವ ಆಕ್ಷೇಪ ಕಚೇರಿಗಳ ಒಂದು ರೂಢಿಯ ಬಗ್ಗೆ. ‘ಬೇಸಿಗೆ’ಯ ಕೊನೆಯ ಸ್ವರ ನಿಲ್ಲುವ ಮೊದಲೇ ಸಭಾಂಗಣದಲ್ಲಿ ಚಪ್ಪಾಳೆ ಸಿಡಿಯುವುದುಂಟು. ವಾದಕರ ವೇಗಕ್ಕೆ ಅದು ಸಲ್ಲಬೇಕಾದ ಗೌರವವೇ; ಆ ಚಪ್ಪಾಳೆಯನ್ನು ನಾನು ತಪ್ಪೆನ್ನಲಾರೆ. ಆದರೆ ಮರುಗಳಿಗೆಯಲ್ಲಿಯೇ ‘ಶರತ್ಕಾಲ’ ಶುರುವಾಗುತ್ತದೆ. ಅದರ ಮೊದಲ ಸಾಲು ಹಳ್ಳಿಯವನು ಒಳ್ಳೆಯ ಸುಗ್ಗಿಯಾದ ಸಂತೋಷಕ್ಕೆ ಹಾಡಿ ಕುಣಿಯುತ್ತಾನೆ ಎಂಬುದು. ಈಗ ತಾನೆ ತೆನೆಗಳೆಲ್ಲ ನೆಲಕ್ಕೆ ಬಿದ್ದಿದ್ದವು. ಇದು ಯಾರ ಸುಗ್ಗಿ? ಪದ್ಯದಲ್ಲಿ ಮುಂದೆ ದ್ರಾಕ್ಷಾರಸ ಬರುವುದರಿಂದ ಗೋಧಿ ಹೋದರೂ ದ್ರಾಕ್ಷಿ ಉಳಿಯಿತೆಂದು ಸಮಾಧಾನ ಹೇಳಿಕೊಳ್ಳಬಹುದು, ನಾನು ಹಾಗೆ ಹೇಳಿಕೊಂಡದ್ದೂ ಉಂಟು. ಅಷ್ಟಾದರೂ ಎಫ್ ಮೇಜರಿನ ಆ ಗೆಲುವಾದ ಕುಣಿತ, ಕುರಿಗಾಹಿಯ ಗತಿ ಏನಾಯಿತೆಂದು ಕೇಳಲು ಬಿಡುವನ್ನೇ ಕೊಡದೆ ಬಂದುಬಿಡುತ್ತದೆ. ನಾಲ್ಕು ಋತುಗಳನ್ನೂ ಒಟ್ಟಿಗೆ ನುಡಿಸುವ ತಂಡಗಳು ‘ಬೇಸಿಗೆ’ಯ ನಂತರ ವಿರಾಮವನ್ನು ಇಡಬೇಕೆಂಬುದು ನನ್ನ ಆಸೆ, ಹೇಗೂ ಎಲ್‌ಪಿಯ ಮಗ್ಗುಲು ಮುಗಿಯುತ್ತಿದ್ದುದೂ ಅಲ್ಲಿಯೇ. ಮನೆಯಲ್ಲಿ ಕೇಳುವಾಗ ನಾನು ‘ಶರತ್ಕಾಲ’ವನ್ನು ಅದೇ ದಿನ ಹಾಕುವುದಿಲ್ಲ.